ಮೂಲಿಕೆಯೊಳಗಿನ ಲೋಹ: ಗಿಡಮೂಲಿಕೆಗಳ ಭಾರಲೋಹ ಪರೀಕ್ಷೆಯ ಚರಿತ್ರೆ ಮತ್ತು ಜಾಲಹಳ್ಳಿಯ ಪರಿಸರ

ಬೆಂಗಳೂರು ನಗರದ ಉತ್ತರ ಭಾಗದಲ್ಲಿರುವ ಜಾಲಹಳ್ಳಿಯು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೊಲ, ಕೆರೆ, ಕಾವಲುಗಳ ನಡುವಿನ ಒಂದು ಸಾಧಾರಣ ಗ್ರಾಮವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರ ಮತ್ತು ಸೇನಾ ಆಸ್ಪತ್ರೆಗಳು ನೆಲೆಗೊಂಡವು. ಸ್ವಾತಂತ್ರ್ಯಾನಂತರ, 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಸ್ಥಾಪನೆಗೊಂಡ ಮೇಲೆ ಈ ಪ್ರದೇಶದ ಸ್ವರೂಪವೇ ಬದಲಾಯಿತು. ಮುಂದೆ 1970ರ ದಶಕದಲ್ಲಿ ಪಶ್ಚಿಮದ ಅಂಚಿನಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ಬೆಳೆಯಿತು. ಯಂತ್ರಭಾಗಗಳ ತಯಾರಿಕೆ, ಎರಕ, ಲೋಹಲೇಪನ, ಬಣ್ಣ, ರಾಸಾಯನಿಕಗಳ ಸಾವಿರಾರು ಸಣ್ಣ ಘಟಕಗಳು ಅಲ್ಲಿ ತಲೆಯೆತ್ತಿದವು.

ಇದೇ ಜಾಲಹಳ್ಳಿಯಿಂದ ಈಶಾನ್ಯಕ್ಕೆ, ಯಲಹಂಕದ ಮಾರ್ಗದಲ್ಲಿ, ಜಾರಕಬಂಡೆ ಕಾವಲು ಇದೆ. 1993ರಲ್ಲಿ ದರ್ಶನ್ ಶಂಕರ್ ಮತ್ತು ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಆರಂಭಗೊಂಡು, ಮೊದಲು ಹೆಬ್ಬಾಳ ಸಮೀಪದ ಆನಂದನಗರದಲ್ಲಿದ್ದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು, ಅಂದರೆ ವಿದ್ವತ್ ವಲಯದಲ್ಲಿ ಎಫ್.ಆರ್.ಎಲ್.ಎಚ್.ಟಿ. ಎಂದೇ ಪರಿಚಿತವಾದ ಸಂಸ್ಥೆಯು, ತನ್ನ ಸಸ್ಯಸಂಗ್ರಹಾಲಯ, ಕಚ್ಚಾ ಔಷಧಿಗಳ ಭಂಡಾರ ಮತ್ತು ಪ್ರಯೋಗಶಾಲೆಗಳೊಡನೆ ಈ ಕಾವಲಿನಲ್ಲಿ ನೆಲೆ ನಿಂತಿತು. ಅದರ ಆಗ್ನೇಯಕ್ಕೆ ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರವೂ, ಅಲ್ಲಾಳಸಂದ್ರದಲ್ಲಿ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರವೂ ಇವೆ. ತುಮಕೂರು ರಸ್ತೆಯ ಮಾಕಳಿಯಲ್ಲಿ 1975ರಿಂದ ಹಿಮಾಲಯ ಸಂಸ್ಥೆಯ ಔಷಧ ಕಾರ್ಖಾನೆಯಿದೆ. ಪೀಣ್ಯದೊಳಗೇ ಗಿಡಮೂಲಿಕೆಗಳ ಸಾರ ತೆಗೆಯುವ ಘಟಕಗಳು ಬೆಳೆದಿವೆ. ಹೀಗೆ ಕೆಲವೇ ಮೈಲಿಗಳ ವ್ಯಾಪ್ತಿಯಲ್ಲಿ ಲೋಹವನ್ನು ಕರಗಿಸಿ ಲೇಪಿಸುವ ಉದ್ಯಮವೂ, ಮೂಲಿಕೆಯನ್ನು ಬೆಳೆದು, ಗುರುತಿಸಿ, ಪರೀಕ್ಷಿಸಿ, ಮಾರುವ ಉದ್ಯಮವೂ ಒಂದರ ಪಕ್ಕದಲ್ಲಿ ಒಂದು ನಿಂತಿವೆ. ಗಿಡಮೂಲಿಕೆಗಳಲ್ಲಿ ಭಾರಲೋಹಗಳ ಕಲಬೆರಕೆ ಮತ್ತು ಅದರ ಪರೀಕ್ಷೆ ಎಂಬ ವಿಷಯದ ಎರಡೂ ಮುಖಗಳನ್ನು ಒಂದೇ ಭೂಪಟದಲ್ಲಿ ತೋರಿಸಬಲ್ಲ ಇಂಥ ಪ್ರದೇಶ ಕರ್ನಾಟಕದಲ್ಲಿ ಮತ್ತೊಂದಿಲ್ಲವೆಂದೇ ಹೇಳಬಹುದು.

ಈ ಪರೀಕ್ಷೆಯ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಮತ್ತು ಸರ್ಕಾರಿ ಆದೇಶಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಅದು ತಪ್ಪಲ್ಲವಾದರೂ ಅಪೂರ್ಣ. ಲೋಹವು ಮೂಲಿಕೆಯನ್ನು ಸೇರುವುದು ಬಹುಮಟ್ಟಿಗೆ ನೆಲದಲ್ಲಿ; ಅದನ್ನು ಹುಡುಕುವ ಕಾರ್ಯ ಆರಂಭವಾದದ್ದು ಬಂದರಿನಲ್ಲಿ. ಈ ಎರಡು ಬಿಂದುಗಳ ನಡುವಿನ ಅಂತರವೇ ಇಲ್ಲಿ ಗಮನಿಸಬೇಕಾದ ವಿಷಯ.

ಪ್ರಾಚೀನರ ಎಚ್ಚರ

ಭೂಮಿಯ ಗುಣದೋಷವು ಮೂಲಿಕೆಗೆ ಇಳಿಯುತ್ತದೆ ಎಂಬ ತಿಳಿವು ಆಯುರ್ವೇದಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಮೂವತ್ತಾರನೆಯ ಅಧ್ಯಾಯವು ಔಷಧಿ ಸಂಗ್ರಹಕ್ಕೆ ತಕ್ಕ ನೆಲವನ್ನು ಕುರಿತದ್ದು. ಹಳ್ಳಕೊಳ್ಳ, ಜಲ್ಲಿಕಲ್ಲು, ಹುತ್ತ, ಸ್ಮಶಾನ, ವಧಸ್ಥಾನಗಳಿಂದ ದೂಷಿತವಾದ ನೆಲವನ್ನು ಅದು ಬಿಡಹೇಳುತ್ತದೆ. ಒಳ್ಳೆಯ ನೆಲದಲ್ಲಿ ಬೆಳೆದದ್ದೂ ಕೂಡ ಹುಳು, ವಿಷ, ಶಸ್ತ್ರ, ಬಿಸಿಲು, ಗಾಳಿ, ಬೆಂಕಿ, ನೀರು, ಇಕ್ಕಟ್ಟುಗಳಿಂದ ಮಾತ್ರವಲ್ಲದೆ ದಾರಿಯಿಂದಲೂ ಕೆಟ್ಟಿರಬಾರದು ಎನ್ನುತ್ತದೆ. ದಾರಿಯ ಬದಿಯ ಮೂಲಿಕೆಯನ್ನು ಕೀಳಬಾರದೆಂಬ ಈ ಮಾತಿಗೆ ಸೀಸಮಿಶ್ರಿತ ಪೆಟ್ರೋಲಿನ ಯುಗದಲ್ಲಿ ಬಂದ ಅರ್ಥವನ್ನು ಗ್ರಂಥಕಾರನು ಊಹಿಸಿರಲಾರನು. ಅವನ ಕಾಲದ ಕಾರಣ ಬೇರೆ. ಆದರೂ ನಿಯಮವು ನಿಂತಿತು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿಯೂ ಇಂಥದೇ ಭೂವಿಚಾರವಿದೆ.

ಸುಶ್ರುತನ ಕಲ್ಪಸ್ಥಾನವು ಸ್ಥಾವರ ವಿಷಗಳಿಗೆ ಹತ್ತು ಆಶ್ರಯಗಳನ್ನು ಹೇಳುತ್ತದೆ. ಬೇರು, ಎಲೆ, ಹಣ್ಣು, ಹೂವು, ತೊಗಟೆ, ಹಾಲು, ತಿರುಳು, ಅಂಟು, ಗೆಡ್ಡೆಗಳೊಡನೆ ಧಾತುವನ್ನೂ ಅದು ಎಣಿಸುತ್ತದೆ. ಧಾತುವಿಷಗಳಲ್ಲಿ ಹರಿತಾಳ, ಅಂದರೆ ಆರ್ಸೆನಿಕ್ ಖನಿಜವೂ ಸೇರಿದೆ. ಕನ್ನಡದಲ್ಲಿ ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕೇ ಮೀಸಲಾಗಿ ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ರಚಿಸಿದನು. ಸಸ್ಯವಿಷ ಮತ್ತು ಖನಿಜವಿಷಗಳನ್ನು ಒಂದೇ ವರ್ಗದಲ್ಲಿ ಇಟ್ಟು ನೋಡುವ ಈ ಪರಂಪರೆಗೆ ಲೋಹದ ಅಪಾಯದ ಅರಿವು ಇರಲಿಲ್ಲವೆಂದು ಹೇಳುವುದು ಅವಿಚಾರ. ಮತ್ತೊಂದೆಡೆ, ಆ ಅರಿವಿಗೆ ಪರಿಮಾಣವಿರಲಿಲ್ಲ. ಕಣ್ಣಿಗೆ ಕಾಣದ, ನಾಲಗೆಗೆ ತಿಳಿಯದ ಪ್ರಮಾಣದ ಸೀಸವು ಬೇರಿನಲ್ಲಿ ಇರಬಹುದೆಂಬ ಕಲ್ಪನೆಗೆ ಅಲ್ಲಿ ಎಡೆಯಿಲ್ಲ.

ರಸಶಾಸ್ತ್ರದ ಪ್ರಶ್ನೆಯನ್ನು ಇಲ್ಲಿಯೇ ಬೇರ್ಪಡಿಸಿಕೊಳ್ಳುವುದು ಅವಶ್ಯ. ಪಾದರಸ, ಸೀಸ, ತವರ, ತಾಮ್ರಗಳನ್ನು ಶೋಧಿಸಿ, ಮಾರಣ ಮಾಡಿ ಭಸ್ಮವಾಗಿ ಬಳಸುವ ಪದ್ಧತಿಯಲ್ಲಿ ಲೋಹವು ಉದ್ದೇಶಪೂರ್ವಕವಾಗಿ ಸೇರಿದ ದ್ರವ್ಯ. ಬೆರಳಿನ ಗೆರೆಗಳಲ್ಲಿ ತುಂಬಿಕೊಳ್ಳುವಷ್ಟು ನುಣುಪು, ನೀರಿನ ಮೇಲೆ ತೇಲುವ ಗುಣ, ತುಪ್ಪ, ಜೇನು, ಬೆಲ್ಲ, ಗುಲಗಂಜಿ, ಬಿಳಿಗಾರಗಳೊಡನೆ ಕಾಯಿಸಿದರೂ ಮತ್ತೆ ಲೋಹವಾಗದಿರುವ ಅಪುನರ್ಭವ ಗುಣ ಮುಂತಾದ ಪರೀಕ್ಷೆಗಳನ್ನು ರಸಗ್ರಂಥಗಳು ಭಸ್ಮಕ್ಕೆ ವಿಧಿಸಿವೆ. ಇವು ಲೋಹದ ರೂಪವನ್ನು ಪರೀಕ್ಷಿಸುತ್ತವೆ. ಆಧುನಿಕ ಪ್ರಯೋಗಶಾಲೆಯು ಲೋಹದ ಮೊತ್ತವನ್ನು ಅಳೆಯುತ್ತದೆ. ಇವೆರಡರ ನಡುವಿನ ವಾದವು ಇನ್ನೂ ಮುಗಿದಿಲ್ಲ. ಆದರೆ ಅಶ್ವಗಂಧದ ಪುಡಿಯಲ್ಲಿ ಸೀಸ ಕಂಡುಬಂದರೆ ಆ ವಾದದ ಆಶ್ರಯ ದೊರೆಯುವುದಿಲ್ಲ. ಅದು ಯಾವ ಶಾಸ್ತ್ರವೂ ಹೇಳದ ಸೀಸ. ಸಾರ್ವಜನಿಕ ಚರ್ಚೆಯಲ್ಲಿ ಈ ಎರಡು ವಿಷಯಗಳನ್ನು ಕಲಸಿದ್ದರಿಂದ ವೈದ್ಯರೂ ವಿಮರ್ಶಕರೂ ಒಬ್ಬರಿಗೊಬ್ಬರು ಉತ್ತರವಾಗದ ಮಾತುಗಳನ್ನು ಆಡುತ್ತ ಬಂದಿದ್ದಾರೆ.

ಅಳತೆಯ ಕಾಲ

ಲೋಹವಿಷವನ್ನು ರಾಸಾಯನಿಕವಾಗಿ ಹಿಡಿಯುವ ಖಚಿತ ವಿಧಾನಗಳಲ್ಲಿ ಮೊದಲನೆಯದೆನ್ನಬಹುದಾದ ಮಾರ್ಷ್ ಪರೀಕ್ಷೆಯು 1836ರಲ್ಲಿ ಪ್ರಕಟವಾಯಿತು. ಅದು ಆರ್ಸೆನಿಕ್ ಪತ್ತೆಗೆ, ಅದರಲ್ಲಿಯೂ ಅಪರಾಧ ವಿಚಾರಣೆಗಳಿಗೆ ನೆರವಾಯಿತು. ಔಷಧಕೋಶಗಳು ಬಹುಕಾಲ ಬಳಸಿದ್ದು ಸಲ್ಫೈಡ್ ವಿಧಾನವನ್ನು. ದ್ರಾವಣದಲ್ಲಿ ಲೋಹವಿದ್ದರೆ ಕಪ್ಪು ಛಾಯೆ ಮೂಡುತ್ತದೆ. ಗೊತ್ತಾದ ಪ್ರಮಾಣದ ಸೀಸದ ದ್ರಾವಣದ ಛಾಯೆಯೊಡನೆ ಅದನ್ನು ಕಣ್ಣಿನಿಂದ ಹೋಲಿಸಿ ತೀರ್ಮಾನಿಸಲಾಗುತ್ತಿತ್ತು. ಯಾವ ಲೋಹ ಎಷ್ಟು ಎಂದು ಅದು ಹೇಳಲಾರದು. ಕಾಯಿಸುವಾಗ ಪಾದರಸವು ಹಾರಿಹೋಗಿದ್ದರೂ ತಿಳಿಯದು. ಆದರೂ ಅಮೆರಿಕದ ಔಷಧಕೋಶವು ಈ ವಿಧಾನವನ್ನು ಪೂರ್ಣವಾಗಿ ಕೈಬಿಟ್ಟದ್ದು 2018ರ ಜನವರಿ 1ರಂದು ಎಂಬುದು ರೂಢಿಯ ಬಲವನ್ನು ತೋರಿಸುತ್ತದೆ.

ನಿಜವಾದ ತಿರುವು 1955ರದು. ಆಸ್ಟ್ರೇಲಿಯಾದ ಅಲನ್ ವಾಲ್ಶ್ ಆ ವರ್ಷ ಪರಮಾಣು ಹೀರುವಿಕೆಯ ರೋಹಿತಮಾಪನ ವಿಧಾನವನ್ನು ಮಂಡಿಸಿದರು. ಪ್ರತಿಯೊಂದು ಲೋಹದ ಪರಮಾಣುವೂ ತನಗೆ ವಿಶಿಷ್ಟವಾದ ಬೆಳಕನ್ನು ಹೀರಿಕೊಳ್ಳುತ್ತದೆ. ಎಷ್ಟು ಬೆಳಕು ಹೀರಿಹೋಯಿತು ಎಂಬುದರಿಂದ ಎಷ್ಟು ಲೋಹವಿದೆ ಎಂಬುದನ್ನು ಲೆಕ್ಕ ಹಾಕಬಹುದು. ಪ್ರಯೋಗಶಾಲೆಗಳಲ್ಲಿ ‘ಎ.ಎ.ಎಸ್.’ ಎಂದೇ ಕರೆಯಲಾಗುವ ಈ ಯಂತ್ರದಿಂದ ಸೀಸ, ಕ್ಯಾಡ್ಮಿಯಂಗಳನ್ನು ಬೇರೆಬೇರೆಯಾಗಿ ಅಳೆಯುವುದು ಸಾಧ್ಯವಾಯಿತು. ಪಾದರಸಕ್ಕೆ ಶೀತ ಆವಿ ವಿಧಾನ, ಆರ್ಸೆನಿಕ್‌ಗೆ ಹೈಡ್ರೈಡ್ ವಿಧಾನ ಜೊತೆಗೂಡಿದವು. 1980ರ ದಶಕದಿಂದ ಬಳಕೆಗೆ ಬಂದ ಪ್ಲಾಸ್ಮಾ ದ್ರವ್ಯರಾಶಿ ಮಾಪಕಗಳು ಒಂದೇ ಸಲಕ್ಕೆ ಹತ್ತಾರು ಲೋಹಗಳನ್ನು ಅಳೆಯಬಲ್ಲವು.

ಯಂತ್ರ ಎಷ್ಟೇ ಸೂಕ್ಷ್ಮವಾದರೂ ಅದರೊಳಗೆ ಹೋಗುವುದು ಅರ್ಧ ಗ್ರಾಂನಷ್ಟು ಪುಡಿ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಜೀರ್ಣಿಸಿ, ಸೋಸಿ, ಅಳತೆಗೆ ಒಡ್ಡುತ್ತಾರೆ. ಐವತ್ತು ಕಿಲೋ ಚೀಲದ ಯಾವ ಮೂಲೆಯಿಂದ ಆ ಅರ್ಧ ಗ್ರಾಂ ಬಂದಿತು, ಬೇರನ್ನು ತೊಳೆದ ಮೇಲೆ ಪುಡಿ ಮಾಡಿದರೇ ಅಥವಾ ಮಣ್ಣಿನೊಡನೆಯೇ ಮಾಡಿದರೇ ಎಂಬುದರ ಮೇಲೆ ಫಲಿತಾಂಶವು ಬಹಳಷ್ಟು ನಿಂತಿದೆ. ಸರಳ ಲೆಕ್ಕವೊಂದನ್ನು ನೋಡಬಹುದು. ಒಂದು ಹೊಲದ ಮಣ್ಣಿನಲ್ಲಿ ಕಿಲೋಗ್ರಾಂಗೆ 30 ಮಿಲಿಗ್ರಾಂ ಸೀಸವಿದೆಯೆಂದು ಭಾವಿಸೋಣ. ಇದು ವಿಶೇಷ ಮಾಲಿನ್ಯವಿಲ್ಲದ ಮಣ್ಣಿನಲ್ಲಿಯೂ ಇರಬಹುದಾದ ಪ್ರಮಾಣ. ಬೇರಿನ ಪುಡಿಯಲ್ಲಿ ನೂರಕ್ಕೆ ಹತ್ತು ಭಾಗ ಮಣ್ಣು ಉಳಿದರೆ, ಸಸ್ಯವು ತಾನಾಗಿ ಒಂದು ಕಣ ಸೀಸವನ್ನೂ ಹೀರದಿದ್ದರೂ, ಪುಡಿಯಲ್ಲಿ ಕಿಲೋಗೆ 3 ಮಿಲಿಗ್ರಾಂ ಸೀಸ ಸೇರಿತು. ಆಮ್ಲದಲ್ಲಿ ಕರಗದ ಬೂದಿಯ ಪ್ರಮಾಣವನ್ನು ನೋಡುವ ಹಳೆಯ ಪರೀಕ್ಷೆ ಔಷಧಕೋಶಗಳಲ್ಲಿ ಮೊದಲಿನಿಂದಲೂ ಇದೆ. ಅದು ಮರಳು, ಮಣ್ಣನ್ನು ಹಿಡಿಯುವ ಪರೀಕ್ಷೆ. ಒಂದು ಕುಲುಮೆ, ಒಂದು ತಕ್ಕಡಿ, ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ತಾಲ್ಲೂಕು ಮಟ್ಟದ ಕಾಲೇಜಿನಲ್ಲಿಯೂ ಮಾಡಬಹುದು. ದುಬಾರಿ ಯಂತ್ರಗಳ ಭರಾಟೆಯಲ್ಲಿ ಇದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಭಾರತದಲ್ಲಿ ಕಾನೂನಿನ ನಡೆ ನಿಧಾನದ್ದು. 1940ರ ಔಷಧ ಕಾಯಿದೆಗೆ ಆಯುರ್ವೇದ ಮತ್ತು ಯುನಾನಿ ಔಷಧಿಗಳ ಅಧ್ಯಾಯ ಸೇರಿದ್ದು 1964ರಲ್ಲಿ. ಭಾರತೀಯ ವೈದ್ಯಪದ್ಧತಿಗಳ ಔಷಧಕೋಶ ಪ್ರಯೋಗಶಾಲೆ 1970ರಲ್ಲಿ ಗಾಜಿಯಾಬಾದಿನಲ್ಲಿ ಆರಂಭವಾಯಿತು. ಉತ್ತಮ ತಯಾರಿಕಾ ವಿಧಾನಗಳ ಅನುಸೂಚಿಯಾದ ‘ಟಿ’ 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಯೂ ಅದೇ ವರ್ಷದ್ದು. ಇಷ್ಟರವರೆಗೂ ಭಾರಲೋಹವು ತಜ್ಞರ ವಿಷಯವಾಗಿತ್ತೇ ಹೊರತು ಆಡಳಿತದ ತುರ್ತಾಗಿರಲಿಲ್ಲ.

ಬಾಸ್ಟನ್ನಿನಿಂದ ಬಂದ ಆದೇಶ

2004ರ ಜುಲೈಯಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು ಆಯುರ್ವೇದ ಔಷಧ ಸೇವನೆಯೊಡನೆ ಸಂಬಂಧವಿದ್ದ, 2000ದಿಂದ 2003ರವರೆಗಿನ ಹನ್ನೆರಡು ಸೀಸವಿಷ ಪ್ರಕರಣಗಳನ್ನು ವರದಿ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಬರ್ಟ್ ಸೇಪರ್ ಮತ್ತು ಸಂಗಡಿಗರ ಅಧ್ಯಯನವು ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಔಷಧಿಗಳಲ್ಲಿ 14ರಲ್ಲಿ, ಎಂದರೆ ಐದರಲ್ಲೊಂದರಲ್ಲಿ, ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಭಾರತದಲ್ಲಿ ಇದಕ್ಕೆ ಬಂದ ಮೊದಲ ಪ್ರತಿಕ್ರಿಯೆಯಲ್ಲಿ ರೋಷವೇ ಹೆಚ್ಚು. ಅವುಗಳಲ್ಲಿ ಹಲವು ರಸೌಷಧಿಗಳು, ಲೋಹವಿರುವುದು ಸಹಜ ಎಂಬ ಸಮಾಧಾನ ಕೇಳಿಬಂದಿತು. ಆದರೆ ಅದೇ ತಂಡ 2008ರಲ್ಲಿ ಅಂತರ್ಜಾಲದ ಮೂಲಕ ಕೊಂಡ 193 ಔಷಧಿಗಳನ್ನು ಪರೀಕ್ಷಿಸಿದಾಗ ಆ ಸಮಾಧಾನ ಸಾಲದಾಯಿತು. ರಸೌಷಧಿಗಳಲ್ಲಿ ಶೇಕಡಾ 40.6ರಷ್ಟರಲ್ಲಿ ಲೋಹವಿತ್ತು ನಿಜ. ರಸೌಷಧಿಗಳಲ್ಲದವುಗಳಲ್ಲಿಯೂ ಶೇಕಡಾ 17.1ರಷ್ಟರಲ್ಲಿ ಇತ್ತು. ಅಷ್ಟೇ ಗಮನಾರ್ಹವಾದ ಇನ್ನೊಂದು ಅಂಶವನ್ನು ವಿಮರ್ಶಕರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ: ಅಮೆರಿಕದಲ್ಲಿ ತಯಾರಾದವು ಶೇಕಡಾ 21.7, ಭಾರತದಲ್ಲಿ ತಯಾರಾದವು ಶೇಕಡಾ 19.5. ದೋಷವು ಒಂದು ದೇಶದ ಕಾರ್ಖಾನೆಗಳದ್ದಾಗಿರಲಿಲ್ಲ.

ಮೊದಲ ಅಧ್ಯಯನ ಪ್ರಕಟವಾದ ಹತ್ತು ತಿಂಗಳಲ್ಲಿ, 2005ರ ಅಕ್ಟೋಬರ್ 14ರಂದು, ಕೇಂದ್ರ ಸರ್ಕಾರದ ಆಯುಷ್ ಇಲಾಖೆಯು ಆದೇಶ ಹೊರಡಿಸಿತು. 2006ರ ಜನವರಿ 1ರಿಂದ ರಫ್ತಾಗುವ, ಶುದ್ಧ ಗಿಡಮೂಲಿಕೆಗಳ ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳಿಗೆ ಭಾರಲೋಹ ಪರೀಕ್ಷೆ ಕಡ್ಡಾಯವಾಯಿತು. ಮಿತಿಗಳು ಇಂತಿದ್ದವು: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ. ಒಂದು ಪಿಪಿಎಂ ಎಂದರೆ ಒಂದು ಕಿಲೋಗ್ರಾಂನಲ್ಲಿ ಒಂದು ಮಿಲಿಗ್ರಾಂ. ಸೀಸ ಮತ್ತು ಕ್ಯಾಡ್ಮಿಯಂನ ಅಂಕಿಗಳು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿದ್ದವುಗಳೇ.

ಈ ಆದೇಶದ ಎರಡು ವಿಶೇಷಣಗಳು ಚರಿತ್ರಕಾರನ ಗಮನಕ್ಕೆ ಅರ್ಹವಾದವು. ‘ಶುದ್ಧ ಗಿಡಮೂಲಿಕೆಗಳ’ ಎಂಬುದರಿಂದ ರಸೌಷಧಿಗಳು ಹೊರಗುಳಿದವು. ಇದು ವಿವೇಕದ ವಿಭಜನೆಯೇ. ‘ರಫ್ತಾಗುವ’ ಎಂಬುದರಿಂದ ಹೊರಗುಳಿದವರು ಈ ದೇಶದ ರೋಗಿಗಳು. ಹೊರದೇಶದ ಕೊಳ್ಳುಗನಿಗೆ 2006ರ ಮೊದಲ ದಿನದಿಂದ ದೊರೆತ ರಕ್ಷಣೆ, ಅದೇ ಕಾರ್ಖಾನೆಯ ಗೋಡೆಯಾಚೆ ವಾಸಿಸುವವನಿಗೆ ಆ ಆದೇಶದಿಂದ ದೊರೆಯಲಿಲ್ಲ. ದೇಶೀಯ ಮಾರಾಟಕ್ಕೆ ಅದನ್ನು ವಿಸ್ತರಿಸುವುದು ಮುಂದಿನ ಹಂತಕ್ಕೆ ಬಿಟ್ಟ ವಿಷಯವಾಯಿತು. ತರುವಾಯ ಆಯುರ್ವೇದ ಔಷಧಕೋಶದ ಸಂಪುಟಗಳಲ್ಲಿ ಇದೇ ಮಿತಿಗಳು ಸೇರಿದ್ದರಿಂದ ಪರವಾನಗಿ ಪಡೆದ ತಯಾರಕರ ಮಟ್ಟಿಗೆ ಕೊರತೆ ಬಹುಪಾಲು ತುಂಬಿತು. ಆದರೆ ಆಯುರ್ವೇದ ಔಷಧಿಯನ್ನು ಮಾರುವುದಕ್ಕೆ ಈ ದೇಶದಲ್ಲಿ ಪರವಾನಗಿ ಬೇಕಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ನೂರು ಗ್ರಾಂ ಲೆಕ್ಕದಲ್ಲಿ ಕಟ್ಟಿಕೊಡುವ ಬಜೆ, ಜ್ಯೇಷ್ಠಮಧು, ಅಳಲೆಕಾಯಿ, ಶತಾವರಿಗಳು ಯಾವ ಯಂತ್ರದ ಮುಂದೆಯೂ ಹಾಯದೆ ಬಾಣಂತಿಯ ಮತ್ತು ಮಗುವಿನ ಬಾಯಿ ಸೇರುತ್ತವೆ. ಸೀಸದ ಹಾನಿ ಎಲ್ಲರಿಗಿಂತ ಹೆಚ್ಚಾಗುವುದು ಇವರಿಬ್ಬರಿಗೇ.

ಮಿತಿಯ ಅಂಕಿಗಳೂ ಪ್ರಶ್ನಾತೀತವಲ್ಲ. ಯುರೋಪಿನ ಔಷಧಕೋಶವು ಮೂಲಿಕೆಗಳಿಗೆ ಸೀಸ 5, ಪಾದರಸ 0.1 ಪಿಪಿಎಂ ಎಂದು ಬಿಗಿಯಾದ ಮಿತಿಯನ್ನೂ, ಕ್ಯಾಡ್ಮಿಯಂಗೆ 1 ಪಿಪಿಎಂ ಎಂದು ಸಡಿಲ ಮಿತಿಯನ್ನೂ ಇಟ್ಟಿದೆ. ಕಿಲೋಗೆ ಇಷ್ಟು ಎಂಬ ಮಿತಿಯು ಸೇವನೆಯ ಪ್ರಮಾಣವನ್ನು ಮರೆಯುತ್ತದೆ ಎಂಬುದು ಇನ್ನೂ ಮೂಲಭೂತವಾದ ಆಕ್ಷೇಪ. ಸಾರದ ಮಾತ್ರೆಯನ್ನು ದಿನಕ್ಕೆ ಅರ್ಧ ಗ್ರಾಂ ನುಂಗಬಹುದು. ಚೂರ್ಣವನ್ನು ಐದು ಗ್ರಾಂ ತಿನ್ನುವುದು ನಮ್ಮಲ್ಲಿ ಸಾಮಾನ್ಯ. 10 ಪಿಪಿಎಂ ಸೀಸವಿರುವ, ಎಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಚೂರ್ಣದ ಐದು ಗ್ರಾಂನಲ್ಲಿ 50 ಮೈಕ್ರೋಗ್ರಾಂ ಸೀಸವಿರುತ್ತದೆ. ಆಹಾರ ತಜ್ಞರ ಜಂಟಿ ಅಂತಾರಾಷ್ಟ್ರೀಯ ಸಮಿತಿಯು ಹಿಂದೆ ಒಪ್ಪಿದ್ದ ವಾರದ ಮಿತಿಯ ಪ್ರಕಾರ ಅರವತ್ತು ಕಿಲೋ ತೂಕದ ವಯಸ್ಕನಿಗೆ ದಿನಕ್ಕೆ ಸುಮಾರು 214 ಮೈಕ್ರೋಗ್ರಾಂ ಸಹ್ಯವೆನಿಸಿತ್ತು. ಆ ಲೆಕ್ಕದಲ್ಲಿ ಐವತ್ತು ಕಡಿಮೆಯೇ. 2010ರಲ್ಲಿ ಆ ಸಮಿತಿಯು ಮಕ್ಕಳ ಬುದ್ಧಿಬೆಳವಣಿಗೆಯ ಮೇಲಿನ ಪರಿಣಾಮವನ್ನು ಪರಿಗಣಿಸಿ ತನ್ನ ಮಿತಿಯನ್ನೇ ಹಿಂತೆಗೆದುಕೊಂಡಿತು. ಸೀಸಕ್ಕೆ ಸುರಕ್ಷಿತ ಪ್ರಮಾಣ ಇಂತಿಷ್ಟು ಎಂದು ಹೇಳಲಾಗದೆಂಬುದು ಅದರ ನಿಲುವು. ಹೀಗೆ ಆಧಾರವು ಕುಸಿದ ಮೇಲೆಯೂ 10 ಎಂಬ ಅಂಕಿ ಮೂಲಿಕೆಗಳ ಪ್ರಮಾಣಪತ್ರಗಳಲ್ಲಿ ಮುಂದುವರಿದಿದೆ.

ಬೆಂಗಳೂರಿಗೆ ಸೀಸದ ವಿಷಯ ಅಪರಿಚಿತವಾಗಿರಲಿಲ್ಲ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನವು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಮಕ್ಕಳ ರಕ್ತವನ್ನು ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸವು ಅಂದಿನ ಎಚ್ಚರಿಕೆಯ ಮಟ್ಟವಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಅಧಿಕವಾಗಿರುವುದನ್ನು ತೋರಿಸಿತು. 1999ರ ಫೆಬ್ರವರಿಯಲ್ಲಿ ಸೀಸವಿಷದ ತಡೆಯನ್ನು ಕುರಿತ ಅಂತಾರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಮಾತ್ರ ಮಾರಾಟವಾಗತೊಡಗಿತು. ಡಾ. ತುಪ್ಪಿಲ್ ವೆಂಕಟೇಶ್ ಅವರ ಶ್ರಮದಿಂದ ಸಂತ ಜಾನ್ ವೈದ್ಯಕೀಯ ಕಾಲೇಜಿನಲ್ಲಿ ಸೀಸವಿಷದ ರಾಷ್ಟ್ರೀಯ ಕೇಂದ್ರ ರೂಪುಗೊಂಡಿತು. ಗಾಳಿಯಲ್ಲಿನ ಸೀಸ ಇಳಿಯಿತು. ಆದರೆ ಮಣ್ಣಿಗೆ ಬಿದ್ದ ಸೀಸವು ಕರಗಿ ಹೋಗುವ ವಸ್ತುವಲ್ಲ. ಹಳೆಯ ಹೆದ್ದಾರಿಗಳ ಅಂಚಿನ ಮೇಲ್ಮಣ್ಣಿನಲ್ಲಿ ಅದು ದಶಕಗಟ್ಟಲೆ ಉಳಿಯುತ್ತದೆ. ರಾಗಿ, ಹುರುಳಿಗಳನ್ನು ಟಾರು ರಸ್ತೆಯ ಮೇಲೆ ಒಕ್ಕುವ, ಬೇರು ಕಾಯಿಗಳನ್ನು ರಸ್ತೆಯ ಬದಿಯಲ್ಲಿ ಹರಡಿ ಒಣಗಿಸುವ ರೂಢಿ ಇರುವ ನಾಡಿನಲ್ಲಿ ಇದನ್ನು ಮರೆಯಲಾಗದು.

ನೆಲದ ಪ್ರಶ್ನೆ

ಎಲ್ಲ ಮೂಲಿಕೆಗಳ ಅಪಾಯವೂ ಒಂದೇ ಬಗೆಯದಲ್ಲ. ಮರದ ಮೇಲಿನ ನೆಲ್ಲಿಕಾಯಿಗಿಂತ ನೆಲದೊಳಗಿನ ಗೆಡ್ಡೆಗೆ, ಗೆಡ್ಡೆಗಿಂತಲೂ ಜೌಗಿನಲ್ಲಿ ಹಬ್ಬುವ ಮೂಲಿಕೆಗೆ ಲೋಹದ ಸಂಪರ್ಕ ಹೆಚ್ಚು. ಒಂದೆಲಗ, ನೀರುಬ್ರಾಹ್ಮಿ, ಬಜೆ ಮೂರೂ ನೀರಿನ ಆಸರೆಯ ಸಸ್ಯಗಳು. ನೀರುಬ್ರಾಹ್ಮಿಯು ಕಲುಷಿತ ನೀರಿನಿಂದ ಪಾದರಸ, ಕ್ಯಾಡ್ಮಿಯಂಗಳನ್ನು ಹೀರಿ ತನ್ನಲ್ಲಿ ಸಂಗ್ರಹಿಸಿಕೊಳ್ಳುವುದನ್ನು ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿಯೇ ತೋರಿಸಿದ್ದರು. ನೀರನ್ನು ಶುದ್ಧಗೊಳಿಸಬಲ್ಲ ಸಸ್ಯವೆಂದು ಅವರು ಅದನ್ನು ಕಂಡರು. ಅದೇ ಗುಣವು ಔಷಧಿಯ ದೃಷ್ಟಿಯಿಂದ ದೋಷ. ಮಕ್ಕಳ ಜ್ಞಾಪಕಶಕ್ತಿಗೆಂದು ಕೊಡುವ ಮೂಲಿಕೆಯೇ ಬುದ್ಧಿಯನ್ನು ಕುಂದಿಸುವ ಲೋಹವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳಬಲ್ಲುದು ಎಂಬುದು ಈ ಚರಿತ್ರೆಯ ಕಹಿ ವ್ಯಂಗ್ಯಗಳಲ್ಲಿ ಒಂದು.

ಇಲ್ಲಿ ಹೆಸರಿನ ಗೊಂದಲವೂ ಕೂಡಿಕೊಳ್ಳುತ್ತದೆ. ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ, ಅಂದರೆ ಸೆಂಟೆಲ್ಲ ಏಷಿಯಾಟಿಕ. ಆಯುರ್ವೇದ ಔಷಧಕೋಶದ ಪ್ರಕಾರ ಅದು ಮಂಡೂಕಪರ್ಣಿ. ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ, ಅಂದರೆ ಬಕೋಪ ಮೊನ್ನಿಯೇರಿ. ಯಾವ ಸಸ್ಯವೆಂದು ತಿಳಿಯದೆ ಅದು ಯಾವ ನೆಲದಿಂದ ಬಂದಿತೆಂದು ಹೇಳಲಾಗದು. ಸಸ್ಯದ ಗುರುತು ಮೊದಲು, ಲೋಹದ ಅಳತೆ ಆಮೇಲೆ. ಜಾರಕಬಂಡೆ ಕಾವಲಿನ ಸಂಸ್ಥೆಯ ಸಸ್ಯಸಂಗ್ರಹಾಲಯಕ್ಕೂ ಕಚ್ಚಾ ಔಷಧಿಗಳ ಭಂಡಾರಕ್ಕೂ ಇರುವ ಮಹತ್ತ್ವ ಇದೇ. ಅದೇ ಸಂಸ್ಥೆಯ ಡಿ.ಕೆ. ವೇದ್ ಅವರು ಜಿ.ಎಸ್. ಗೊರಾಯ ಅವರೊಡನೆ ಔಷಧೀಯ ಸಸ್ಯಗಳ ಮಂಡಳಿಗಾಗಿ ನಡೆಸಿ 2008ರಲ್ಲಿ ಪ್ರಕಟಗೊಂಡ ಸಮೀಕ್ಷೆಯು, ದೇಶದಲ್ಲಿ 960 ಜಾತಿಯ ಸಸ್ಯಗಳು ಔಷಧಿ ವ್ಯಾಪಾರದಲ್ಲಿವೆಯೆಂದೂ, ಅವುಗಳಲ್ಲಿ 178 ಜಾತಿಗಳ ವಾರ್ಷಿಕ ಬಳಕೆ ನೂರು ಟನ್ನನ್ನು ಮೀರುತ್ತದೆಯೆಂದೂ, 2005–06ರ ಒಟ್ಟು ಬೇಡಿಕೆ ಸುಮಾರು 3,19,500 ಟನ್ನೆಂದೂ ಅಂದಾಜು ಮಾಡಿತು. ಈ ರಾಶಿಯ ಬಹುಭಾಗವು ಕಾಡು, ಬೀಳು, ಕೆರೆಯಂಗಳ, ರಸ್ತೆಬದಿಗಳಿಂದ ಹಲವು ಕೈಗಳನ್ನು ದಾಟಿ ಬರುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಮಾದರಿ ವಿಫಲವಾದರೆ ಚೀಲ ಹಿಂದಿರುಗುತ್ತದೆ. ನಷ್ಟವು ಕೊನೆಗೆ ಸಂಗ್ರಾಹಕನ ಮೇಲೆ ಬೀಳುತ್ತದೆ. ಯಾವ ನೆಲ ಕೆಟ್ಟದ್ದೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹಿಂದಿರುಗಿದ ಚೀಲವು ಇನ್ನೊಂದು ಬಾಗಿಲನ್ನು ಹುಡುಕುವುದು ಸ್ವಾಭಾವಿಕ.

ಇದೇ ಸಂಸ್ಥೆಯಲ್ಲಿ ಲೋಹವನ್ನು ಮತ್ತೊಂದು ದಿಕ್ಕಿನಿಂದ ನೋಡಿದ ಕೆಲಸವೂ ನಡೆದಿದೆ. ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆ ಇಟ್ಟ ಕುಡಿಯುವ ನೀರಿನಲ್ಲಿ ಭೇದಿಯನ್ನುಂಟುಮಾಡುವ ಸೂಕ್ಷ್ಮಜೀವಿಗಳು ನಾಶವಾಗುವುದನ್ನು ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ನೀರಿಗೆ ಬಿಟ್ಟ ತಾಮ್ರವನ್ನೂ ಅವರು ಅಳೆದರು. ಅದು ಲೀಟರಿಗೆ 0.18 ಮಿಲಿಗ್ರಾಂನ ಆಸುಪಾಸಿನಲ್ಲಿದ್ದು, ವಿಶ್ವ ಆರೋಗ್ಯ ಸಂಸ್ಥೆಯ 2 ಮಿಲಿಗ್ರಾಂ ಮಿತಿಗೆ ಬಹಳ ಕೆಳಗಿತ್ತು. ಪರಂಪರೆಯ ರೂಢಿಯೊಂದನ್ನು ಹೊಗಳುವ ಮುನ್ನ ಅದರ ಲೋಹವನ್ನು ಅಳೆದು ನೋಡಿದ ಈ ಕ್ರಮ ಅನುಕರಣೀಯ. 2013ರ ರಾಜ್ಯ ಕಾಯಿದೆಯ ಮೇರೆಗೆ ಈ ಸಂಸ್ಥೆಯ ಆವರಣದಲ್ಲಿಯೇ ಅಂತರಶಿಸ್ತೀಯ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ರೂಪುಗೊಂಡಿತು.

ಮತ್ತೆ ಪೀಣ್ಯದ ಕಡೆಗೆ ಬರುವುದಾದರೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2009ರ ಸಮಗ್ರ ಮಾಲಿನ್ಯ ಸೂಚ್ಯಂಕದಲ್ಲಿ ಈ ಪ್ರದೇಶಕ್ಕೆ 65.11 ಅಂಕ ಬಂದು, ಅದು ತೀವ್ರ ಕಲುಷಿತ ವರ್ಗಕ್ಕೆ ಸೇರಿತು. ಇಲ್ಲಿನ ಅಂತರ್ಜಲದಲ್ಲಿ ಪದೇ ಪದೇ ದಾಖಲಾಗಿರುವ ಲೋಹವೆಂದರೆ ಲೋಹಲೇಪನದಿಂದ ಬರುವ ಕ್ರೋಮಿಯಂ. ಇಲ್ಲಿನ ತ್ಯಾಜ್ಯದ ಒಂದು ಭಾಗ ವೃಷಭಾವತಿಯನ್ನು ಸೇರಿ, ನಗರದ ನೈಋತ್ಯಕ್ಕೆ ಹರಿದು, ಹೊಲಗಳಿಗೆ ನೀರಾಗುತ್ತದೆ. ನಗರದ ಮತ್ತೊಂದು ಮಗ್ಗುಲಿನ ಬೆಳ್ಳಂದೂರು ಕೆರೆಯ ನೀರಿನಿಂದ ಬೆಳೆದ ಪೈರುಗಳಲ್ಲಿ ಭಾರಲೋಹಗಳು ಸೇರಿರುವುದನ್ನು ಲೋಕೇಶ್ವರಿ ಮತ್ತು ಚಂದ್ರಪ್ಪ ಅವರ ಅಧ್ಯಯನವು 2006ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿತ್ತು. ತರಕಾರಿಗೆ ಅನ್ವಯಿಸುವುದು ಅದೇ ಕಾಲುವೆಯ ಅಂಚಿನ ಒಂದೆಲಗಕ್ಕೂ ಅನ್ವಯಿಸುತ್ತದೆ.

2005ರ ಆದೇಶದ ನಾಲ್ಕು ಲೋಹಗಳಲ್ಲಿ ಕ್ರೋಮಿಯಂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2007ರ ಮಾರ್ಗಸೂಚಿಯಲ್ಲಿ ಉದಾಹರಿಸಿದ ಕೆನಡಾದ ಪಟ್ಟಿಯಲ್ಲಿ ಕಚ್ಚಾ ಮೂಲಿಕೆಗಳಿಗೆ 2 ಪಿಪಿಎಂ ಕ್ರೋಮಿಯಂ ಮಿತಿಯಿದೆ. ನಮ್ಮ ಪಟ್ಟಿಗೆ ಅದು ಬರಲಿಲ್ಲ. ಇದಕ್ಕೆ ವೈಜ್ಞಾನಿಕ ಸಮರ್ಥನೆ ಸ್ವಲ್ಪಮಟ್ಟಿಗೆ ಉಂಟು. ವಿಷಕಾರಿಯಾದ ಷಡ್ವೇಲೆನ್ಸಿ ಕ್ರೋಮಿಯಂ ಮಣ್ಣಿನಲ್ಲಿಯೂ ಸಸ್ಯದಲ್ಲಿಯೂ ಬಹುಪಾಲು ಕಡಿಮೆ ವಿಷದ ತ್ರಿವೇಲೆನ್ಸಿ ರೂಪಕ್ಕೆ ತಿರುಗುತ್ತದೆ. ಹೆಚ್ಚಾಗಿ ಬೇರಿನಲ್ಲೇ ಉಳಿಯುತ್ತದೆ. ಆದರೆ ಆಯುರ್ವೇದದಲ್ಲಿ ಬೇರೇ ಔಷಧಿಯಾದ ಸಸ್ಯಗಳು ಬಹಳ. ಪಟ್ಟಿಯು ಹೊರನಾಡಿನ ಕೊಳ್ಳುಗನ ಭಯವನ್ನು ಅನುಸರಿಸಿ ಸಿದ್ಧವಾದುದರಿಂದ, ಇಲ್ಲಿನ ನೆಲದಲ್ಲಿ ಇರುವುದೇನು ಎಂಬ ಪ್ರಶ್ನೆಯನ್ನು ಅದು ಕೇಳಲಿಲ್ಲ. ರಾಯಚೂರು, ಯಾದಗಿರಿ ಭಾಗದ ಚಿನ್ನದ ಶಿಲಾವಲಯದಲ್ಲಿ ಕೇಳಬೇಕಾದದ್ದು ಆರ್ಸೆನಿಕ್ಕಿನ ಪ್ರಶ್ನೆ, ರಂಜಕ ಗೊಬ್ಬರವನ್ನು ದೀರ್ಘಕಾಲ ಸುರಿದ ಹೊಲದಲ್ಲಿ ಕ್ಯಾಡ್ಮಿಯಂನದು, ಪೀಣ್ಯದ ತಗ್ಗಿನಲ್ಲಿ ಕ್ರೋಮಿಯಂನದು.

ನೆಲವನ್ನು ಮೊದಲು ನೋಡುವ ಪ್ರಯತ್ನಗಳು ಇಲ್ಲದಿಲ್ಲ. ಔಷಧೀಯ ಸಸ್ಯಗಳ ಮಂಡಳಿಯು 2009ರಲ್ಲಿ ಉತ್ತಮ ಕೃಷಿ ಕ್ರಮಗಳ ಮಾರ್ಗಸೂಚಿಯನ್ನೂ, ಕಾಡಿನ ಸಂಗ್ರಹಕ್ಕೆ ಸಂಬಂಧಿಸಿದ ಮಾರ್ಗಸೂಚಿಯನ್ನೂ ಹೊರತಂದಿತು. ಮರುವರ್ಷ ಭಾರತೀಯ ಗುಣಮಟ್ಟ ಮಂಡಳಿಯೊಡನೆ ಸೇರಿ ಔಷಧೀಯ ಸಸ್ಯೋತ್ಪನ್ನಗಳ ಪ್ರಮಾಣೀಕರಣ ಯೋಜನೆಯನ್ನು ಜಾರಿಗೆ ತಂದಿತು. ಕೃಷಿಯ ಸ್ಥಳ, ಅದರ ಮಣ್ಣು, ನೀರು, ಕೊಯ್ಲು, ಒಣಗಿಸುವಿಕೆಗಳನ್ನು ಪರಿಶೀಲಿಸುವ ಕ್ರಮ ಇದರಲ್ಲಿದೆ. ಬಜೆಯನ್ನು ಗದ್ದೆಗಳಲ್ಲಿ ಬೆಳೆಯುವ ತುಮಕೂರು ಜಿಲ್ಲೆಯ ಕೊರಟಗೆರೆಯಂಥ ಕಡೆ, ಎಲ್ಲಿ ಬೆಳೆಗಾರ, ಹೊಲ, ನೀರಿನ ಮೂಲ ಮೂರೂ ಗೊತ್ತಿವೆಯೋ ಅಲ್ಲಿ, ಇಂಥ ಪರಿಶೀಲನೆ ಕಷ್ಟವಲ್ಲ. ಒಂದು ಹೊಲದ ಮಣ್ಣನ್ನು ಒಮ್ಮೆ ಪರೀಕ್ಷಿಸಿದರೆ ಅದರ ಫಲಿತಾಂಶ ಹಲವು ಬೆಳೆಗಳಿಗೆ ಆಗುತ್ತದೆ. ಚೀಲವನ್ನು ಪರೀಕ್ಷಿಸಿದರೆ ಆ ಚೀಲಕ್ಕೆ ಮಾತ್ರ. ಆದರೆ ಯೋಜನೆಯು ಸ್ವಯಂಪ್ರೇರಿತವಾದದ್ದು. ಅದರ ಪ್ರಮಾಣಪತ್ರಕ್ಕೆ ಬೆಲೆ ಕೊಡುವವನು ಈಗಲೂ ಮುಖ್ಯವಾಗಿ ದೊಡ್ಡ ತಯಾರಕ ಮತ್ತು ರಫ್ತುದಾರ; ಗ್ರಂದಿಗೆ ಅಂಗಡಿಯ ಡಬ್ಬಿಗಳ ಮೇಲೆ ಮೂಲಿಕೆಯ ಹೆಸರಷ್ಟೇ ಇರುತ್ತದೆ, ಊರಿನ ಹೆಸರು ಇರುವುದಿಲ್ಲ.